ಆಗುಂಬೆ ಘಾಟಿ ಇಳಿಸಿದವನು ಬ್ರೆಜಿಲ್‌ನಲ್ಲಿ ಕಾರು ಓಡಿಸಬಹುದೇ?

ತೀರ್ಥಹಳ್ಳಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಬ್ರೆಜಿಲ್‌ನ ಕ್ಯಾಂಪಿನಾಸ್ ನಗರದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ಬರುವ ತಿಂಗಳು ಹೆಂಡತಿ ಮತ್ತು ಐದು ವರ್ಷದ ಮಗಳನ್ನು ಕರೆದುಕೊಂಡು ಹೊರಡುತ್ತಾನೆ. ವೀಸಾ, ಬಾಡಿಗೆ ಮನೆ, ಮಗುವಿನ ಶಾಲೆ ಎಲ್ಲವನ್ನೂ ಅವನ ಕಂಪನಿಯವರು ವಿವರಿಸಿದ್ದಾರೆ. ರಸ್ತೆಯ ವಿಚಾರವನ್ನು ಮಾತ್ರ ಯಾರೂ ಎತ್ತಿಲ್ಲ, ಅವನೂ ಕೇಳಿಲ್ಲ.

ನಾನು ಕೇಳಿದರೆ, "ಮಳೆಗಾಲದ ರಾತ್ರಿಯಲ್ಲಿ ಆಗುಂಬೆಯ ಹದಿನಾಲ್ಕು ತಿರುವು ಇಳಿಸಿದವನಿಗೆ ಬ್ರೆಜಿಲ್ ಯಾವ ಲೆಕ್ಕ ಅಕ್ಕಾ" ಎನ್ನುತ್ತಾನೆ. ಅವನು ನಿಜಕ್ಕೂ ಚೆನ್ನಾಗಿ ಓಡಿಸುತ್ತಾನೆ. ಹದಿನೆಂಟು ತುಂಬಿದ ವರ್ಷದಿಂದ ಅಪ್ಪನ ಜೀಪಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ತೋಟದ ಕೆಸರು ದಾರಿಯಲ್ಲಿ ಓಡಾಡಿದವನು. ಆದರೆ ಮಗಳನ್ನು ಈಗಲೂ ಮುಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆಯೇ ಕೂರಿಸುತ್ತಾನೆ. ಸೀಟ್ ಬೆಲ್ಟನ್ನು ಶಿವಮೊಗ್ಗ ಹತ್ತಿರ ಬಂದಾಗ ಹಾಕುತ್ತಾನೆ, ಊರು ದಾಟಿದ ಕೂಡಲೇ ತೆಗೆಯುತ್ತಾನೆ.

ನನಗೆ ಹೆದರಿಕೆ ಇರುವುದಕ್ಕೆ ಕಾರಣವಿದೆ. ಆರು ವರ್ಷದ ಹಿಂದೆ ಮಂಡಗದ್ದೆಯ ಈಚೆ, ದೀಪವಿಲ್ಲದೆ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಬೈಕ್ ಹೊಡೆದು ನಮ್ಮ ಚಿಕ್ಕಪ್ಪನ ಮಗ ತೀರಿಕೊಂಡ. ಅವನೂ ಒಳ್ಳೆಯ ಸವಾರನೇ. ಅವನಿಗೆ ಬೈಕ್ ಕಲಿಸಿದ್ದು ನನ್ನ ಈ ತಮ್ಮನೇ. ಆ ಸಾವಿನ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಅಲ್ಲಿ ಇದ್ದು ಬಂದವರು, ಈಗ ಅಲ್ಲಿ ಇರುವವರು ದಯವಿಟ್ಟು ಹೇಳಿ. ಬ್ರೆಜಿಲ್‌ನ ಜನ ಹೇಗೆ ಗಾಡಿ ಓಡಿಸುತ್ತಾರೆ? ನಮ್ಮವನು ಅಲ್ಲಿ ಓಡಿಸಬಹುದೇ, ಬೇಡವೇ? ಅವನಿಗೆ ಓದಿ ಹೇಳುವ ಹಾಗೆ ಬರೆಯಿರಿ.

ಹೊಸನಗರದ ಎಂಜಿನಿಯರ್ ಬರೆದದ್ದು:

ಟೀಚರೇ, ನಮಸ್ಕಾರ. ನಾನು ಹೊಸನಗರ ಕಡೆಯವನು. ಏಳು ವರ್ಷ ಸಾವೊ ಪಾಲೊ ರಾಜ್ಯದಲ್ಲಿದ್ದೆ, ಅದರಲ್ಲಿ ನಾಲ್ಕು ವರ್ಷ ಕ್ಯಾಂಪಿನಾಸ್‌ನಲ್ಲೇ. ಈಗ ಶಿವಮೊಗ್ಗದಲ್ಲಿದ್ದೇನೆ. ನಾನೂ ಹುಲಿಕಲ್ ಘಾಟಿಯಲ್ಲಿ ಓಡಿಸುತ್ತಲೇ ಬೆಳೆದವನು, ನಿಮ್ಮ ತಮ್ಮ ಆಡಿದ ಮಾತನ್ನೇ ಆಡಿ ವಿಮಾನ ಹತ್ತಿದವನು. ಆದ್ದರಿಂದ ಮೊದಲು ನನ್ನ ಕೈಯಿಂದ ಆದ ಅಪಘಾತವನ್ನೇ ಹೇಳುತ್ತೇನೆ.

ಹೋಗಿ ಮೂರನೇ ತಿಂಗಳು. ಸಾವೊ ಪಾಲೊ ನಗರದಲ್ಲಿ ತಿಯೆತೆ ನದಿಯ ದಂಡೆಗುಂಟ ಒಂದು ದೊಡ್ಡ ರಸ್ತೆ ಇದೆ. ಒಂದೇ ದಿಕ್ಕಿಗೆ ಎಷ್ಟೋ ಸಾಲುಗಳಲ್ಲಿ ವಾಹನ ಹರಿಯುತ್ತದೆ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುತ್ತವೆ, ವೇಗದ ಸಾಲು ಎಡ ಅಂಚಿನದು. ನಾನು ಎಡದಿಂದ ಎರಡನೇ ಸಾಲಿನಲ್ಲಿದ್ದೆ. ಹಿಂದಿನಿಂದ ಬೈಕಿನ ಹಾರ್ನ್ ಕೇಳಿಸಿತು. ನಮ್ಮಲ್ಲಿ ಹಿಂದಿನಿಂದ ಹಾರ್ನ್ ಬಂದರೆ ಏನರ್ಥ? ಸೈಡ್ ಕೊಡು ಎಂದು. ಸೈಡ್ ಕೊಡುವುದು ಎಂದರೆ ಎಡಕ್ಕೆ ಸರಿಯುವುದು. ನನ್ನ ಕೈ ಯೋಚಿಸದೆ ಎಡಕ್ಕೆ ತಿರುಗಿತು.

ಅಲ್ಲಿ ಬೈಕಿನಲ್ಲಿ ಊಟ, ಔಷಧಿ, ಕಾಗದಪತ್ರ ತಲುಪಿಸುವ ಹುಡುಗರನ್ನು ಮೋಟೋಬಾಯ್ ಎನ್ನುತ್ತಾರೆ. ಅವರು ಎಡ ಅಂಚಿನ ಸಾಲಿಗೂ ಅದರ ಪಕ್ಕದ ಸಾಲಿಗೂ ನಡುವೆ ಇರುವ ಕಿರುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬೀಪ್ ಬೀಪ್ ಎನ್ನುತ್ತ ನುಗ್ಗುತ್ತಾರೆ. ಆ ಹಾರ್ನಿಗೆ ಅಲ್ಲಿ 'ನಾನು ಬರುತ್ತಿದ್ದೇನೆ, ಇದ್ದಲ್ಲೇ ಇರು' ಎಂದು ಅರ್ಥ. ಎಡ ಸಾಲಿನ ಕಾರು ಎಡಕ್ಕೆ ಒತ್ತಿಕೊಂಡು, ಎರಡನೇ ಸಾಲಿನದು ಬಲಕ್ಕೆ ಒತ್ತಿಕೊಂಡು ಅವರಿಗೆ ದಾರಿ ಬಿಡಬೇಕು. ನಾನು ಸೈಡ್ ಕೊಡುತ್ತಿದ್ದೇನೆ ಎಂದುಕೊಂಡು ಅವನ ದಾರಿಯನ್ನೇ ಮುಚ್ಚಿದೆ. ಅವನ ಹ್ಯಾಂಡಲ್ ನನ್ನ ಕನ್ನಡಿಗೆ ತಾಗಿತು. ಬಿದ್ದು ಜಾರಿ ಹೋದ.

ನಿಮಿಷದೊಳಗೆ ಹತ್ತು ಹನ್ನೆರಡು ಬೈಕುಗಳು ನಿಂತವು. ಒಬ್ಬ ತನ್ನ ಬೈಕನ್ನು ಬಿದ್ದವನ ಹಿಂದೆ ಅಡ್ಡ ನಿಲ್ಲಿಸಿದ. ಇನ್ನೊಬ್ಬ ಮೇಲಂಗಿ ಕಳಚಿ ಬೀಸುತ್ತ ಹಿಂದಿನ ವಾಹನಗಳನ್ನು ತಡೆದ. ಮತ್ತೊಬ್ಬ 192ಕ್ಕೆ ಫೋನ್ ಮಾಡಿದ, ಅದು ಅಲ್ಲಿನ ಆಂಬುಲೆನ್ಸ್ ಸಂಖ್ಯೆ. ನನ್ನನ್ನು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹಿರಿಯನೊಬ್ಬ ಹತ್ತಿರ ಬಂದು, ನೇತಾಡುತ್ತಿದ್ದ ನನ್ನ ಕನ್ನಡಿಯನ್ನು ಬೆರಳಿನಿಂದ ತಟ್ಟಿ ಒಂದೇ ಒಂದು ಮಾತು ಹೇಳಿದ: 'ಹೆತ್ರೊವಿಜೋರ್'. ಹಿನ್ನೋಟದ ಕನ್ನಡಿ ಎಂದು ಅರ್ಥ. ಹುಡುಗನಿಗೆ ಮೊಣಕಾಲು ಒಡೆದಿತ್ತು. ಒಂದು ತಿಂಗಳ ಮೇಲೆ ಮತ್ತೆ ಬೈಕ್ ಹತ್ತಿದ. ಆ ತಿಂಗಳ ಅವನ ದುಡಿಮೆಯನ್ನು ನಾನು ಕೊಟ್ಟೆ. ಆ ಹಿರಿಯನ ಒಂದು ಮಾತನ್ನು ನಾನು ಇಂದಿಗೂ ಮರೆತಿಲ್ಲ.

ನಿಮ್ಮ ತಮ್ಮನಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು. ಘಾಟಿ ಕಲಿಸಿದ್ದು ಕೈಯಲ್ಲಿ ಕೂತಿರುತ್ತದೆ, ತಲೆ ತಡೆಯುವ ಮೊದಲೇ ಕೈ ಅದನ್ನು ಮಾಡಿಬಿಡುತ್ತದೆ. ನಮ್ಮ ಘಾಟಿಯಲ್ಲಿ ವೇಗ ಇಪ್ಪತ್ತು, ಮೂವತ್ತು. ತಿರುವಿನಲ್ಲಿ ಹಾರ್ನ್ ಹೊಡೆಯುತ್ತೇವೆ, ಏರುವ ಗಾಡಿಗೆ ಇಳಿಯುವವನು ದಾರಿ ಬಿಡುತ್ತಾನೆ, ಕಿವಿಯಿಂದಲೇ ಅರ್ಧ ಗಾಡಿ ಓಡಿಸುತ್ತೇವೆ. ಕ್ಯಾಂಪಿನಾಸ್‌ನಿಂದ ಸಾವೊ ಪಾಲೊ ಸುಮಾರು 100 ಕಿಲೋಮೀಟರ್. ನಡುವಿನ ಬಾಂದೆಯ್ರಾಂತೆಸ್ ಹೆದ್ದಾರಿಯಲ್ಲಿ ಕಾರಿಗೆ ಅನುಮತಿ ಇರುವ ವೇಗವೇ ಗಂಟೆಗೆ 120. ಮೋಟೋಬಾಯ್‌ಗಳನ್ನು ಬಿಟ್ಟರೆ ಅಲ್ಲಿ ಹಾರ್ನ್ ಹೊಡೆಯುವವರು ಕಡಿಮೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಹಾರ್ನ್ ಮಾಡುವುದನ್ನು ಕಾನೂನೇ ನಿಷೇಧಿಸಿದೆ. ಹಗಲಲ್ಲಿ ಮೆಲ್ಲಗೆ ಎರಡು ಸಲ ಒತ್ತಿದರೆ 'ಧನ್ಯವಾದ' ಎಂದು ಅರ್ಥ. ಎಲ್ಲವೂ ಕನ್ನಡಿ ಮತ್ತು ಇಂಡಿಕೇಟರ್ ಮೇಲೆ ನಿಂತಿದೆ. ಕನ್ನಡಿಯನ್ನು ಮಡಚಿಕೊಂಡೇ ಪೇಟೆ ಸುತ್ತುವ ನಮಗೆ ಇದು ದೊಡ್ಡ ಪಾಠ.

ಇನ್ನು ಜನರ ವಿಚಾರ. ಬ್ರೆಜಿಲ್‌ನವರು ಪ್ರೀತಿಯ ಜನ. ದಾರಿ ಕೇಳಿದರೆ ಜೊತೆಗೆ ನಡೆದು ಬಂದು ತೋರಿಸುತ್ತಾರೆ. ಅದೇ ಮನುಷ್ಯ ಸ್ಟೇರಿಂಗ್ ಹಿಡಿದರೆ ಆತುರಗಾರನಾಗುತ್ತಾನೆ. ಹಿಂದಿನ ಬಂಪರಿಗೆ ಅಂಟಿಕೊಂಡು ಹೆಡ್‌ಲೈಟ್ ಮಿನುಗಿಸುತ್ತಾರೆ. ವೇಗ ಅಳೆಯುವ ಕ್ಯಾಮೆರಾ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿಗೆ ಬಂದಾಗ ಬ್ರೇಕ್, ದಾಟಿದ ಮೇಲೆ ಮತ್ತೆ ಅದೇ ವೇಗ. ದೀರ್ಘ ರಜೆ ಬಂದರೆ ಕಡಲತೀರಕ್ಕೆ ಹೊರಟ ಸಾಲಿನಲ್ಲಿ ತಾಳ್ಮೆಗೆಟ್ಟು, ಕೆಟ್ಟ ವಾಹನಗಳಿಗೆಂದು ಬಿಟ್ಟ ಅಂಚಿನ ಪಟ್ಟಿಯಲ್ಲೇ ನುಗ್ಗುವವರಿದ್ದಾರೆ. ಆ ದೇಶದಲ್ಲಿ ರಸ್ತೆಯಲ್ಲಿ ಸಾಯುವವರ ಸಂಖ್ಯೆ ವರ್ಷಕ್ಕೆ 30 ಸಾವಿರ ದಾಟುತ್ತದೆ. ನಮ್ಮಲ್ಲಿ 2022ರಲ್ಲಿ ಸತ್ತವರು 1,68,491. ನಮ್ಮ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಅವರ ಜನಸಂಖ್ಯೆ ಸುಮಾರು 20 ಕೋಟಿ ಮಾತ್ರ. ತಲೆಯ ಲೆಕ್ಕದಲ್ಲಿ ಅವರ ರಸ್ತೆ ನಮ್ಮ ರಸ್ತೆಗಿಂತ ಹೆಚ್ಚು ಜನರನ್ನು ಕೊಲ್ಲುತ್ತದೆ. ಅಲ್ಲಿಯೂ ಹೆಚ್ಚು ಸಾಯುವವರು ಬೈಕಿನವರೇ. ಅದನ್ನು ಕಂಡೇ ಸಾವೊ ಪಾಲೊ ನಗರದವರು 2022ರಲ್ಲಿ 23 ದಿ ಮಾಯೊ ಎಂಬ ರಸ್ತೆಯಲ್ಲಿ ಆ ಕಿರುದಾರಿಗೆ ನೀಲಿ ಗೆರೆ ಎಳೆದು ಬೈಕಿಗೆಂದೇ ಗುರುತಿಸಿದರು.

ಆದರೂ ಮೂರು ವಿಷಯದಲ್ಲಿ ಅವರು ನಮಗಿಂತ ಬಹಳ ಮುಂದಿದ್ದಾರೆ, ಆ ಮೂರೂ ಜೀವ ಉಳಿಸುವಂಥವು.

ಕುಡಿತದ್ದು ಒಂದು. 2008ರಲ್ಲಿ ಅಲ್ಲಿ 'ಲೇಯ್ ಸೇಕಾ' ಎಂಬ ಕಾನೂನು ಬಂತು. ಒಣ ಕಾನೂನು ಎಂದರ್ಥ. 2012ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಕುಡಿದು ಸಿಕ್ಕಿಬಿದ್ದರೆ ಅಲ್ಲಿನ ಹಣದಲ್ಲಿ 2,934 ರಿಯಾಲ್ 70 ಸೆಂಟಾವೊ ದಂಡ, ಹನ್ನೆರಡು ತಿಂಗಳು ಪರವಾನಗಿ ಅಮಾನತು. ಊದುವುದಿಲ್ಲ ಎಂದು ಹಟ ಹಿಡಿದರೂ ಅದೇ ದಂಡ, ಅದೇ ಅಮಾನತು. ನಮ್ಮ ಕಚೇರಿಯವರು ಭಾನುವಾರ ಮಾಂಸ ಸುಡುವ ಕೂಟಕ್ಕೆ ಸೇರುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಯರ್ ಹರಿಯುತ್ತಿತ್ತು. ಆದರೆ ಪ್ರತಿ ಕಾರಿನವರೂ ಹೊರಡುವ ಮೊದಲೇ ಇವತ್ತು ಕುಡಿಯದವನು ಯಾರು ಎಂದು ತೀರ್ಮಾನಿಸಿರುತ್ತಿದ್ದರು. ಆ ದಿನದ ಚಾಲಕನಿಗೆ ಎಲ್ಲರೂ ಮೊದಲು ಊಟ ಬಡಿಸುತ್ತಿದ್ದರು. ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಮೊಬೈಲಿನಲ್ಲಿ ಹಂಚಿಕೊಂಡು ತಪ್ಪಿಸಿಕೊಳ್ಳುವವರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಕಡೆ ಗೃಹಪ್ರವೇಶ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಡುವ ಕಾರಿನಲ್ಲಿ ಕುಡಿಯದವನು ಯಾರು ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಬೆಲ್ಟ್ ಮತ್ತು ಮಕ್ಕಳದ್ದು ಇನ್ನೊಂದು. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು. 1997ರ ಅವರ ಸಂಚಾರ ಸಂಹಿತೆಯಲ್ಲೇ ಅದಿದೆ. ಹತ್ತು ವರ್ಷದೊಳಗಿನ, 1.45 ಮೀಟರ್ ಎತ್ತರ ತಲುಪದ ಮಗು ಹಿಂದಿನ ಸೀಟಿನಲ್ಲಿ, ತನ್ನ ಅಳತೆಯ ಆಸನದಲ್ಲೇ ಕೂರಬೇಕು. ನನ್ನ ಮಗ ಅಲ್ಲಿಯೇ ಹುಟ್ಟಿದ. ಅವನಿಗೆ ತೊಡೆಯ ಮೇಲೆ ಕೂತು ಕಾರಿನಲ್ಲಿ ಹೋಗುವುದು ಎಂದರೇನು ಎಂದೇ ಗೊತ್ತಿಲ್ಲ. ನಿಮ್ಮ ತಮ್ಮನಿಗೆ ಹೇಳಿ: ಐವತ್ತರ ವೇಗದಲ್ಲಿ ಕಾರು ಥಟ್ಟನೆ ನಿಂತರೆ ಹದಿನೆಂಟು ಕಿಲೋ ತೂಗುವ ಮಗುವನ್ನು ತಾಯಿಯ ಕೈ ಹಿಡಿದುಕೊಳ್ಳಲಾರದು. ಎಷ್ಟೇ ಗಟ್ಟಿ ತಾಯಿಯಾದರೂ ಆಗದು. ದಂಡದ ಭಯಕ್ಕೆ ಅಲ್ಲಿ ಕಲಿಯುವ ಮೊದಲು ತೀರ್ಥಹಳ್ಳಿಯಲ್ಲೇ, ಈ ವಾರವೇ ಅಭ್ಯಾಸ ಮಾಡಲಿ.

ಮೂರನೆಯದು ಮಂಜಿನದು, ನಮ್ಮ ಊರಿಗೇ ಬೇಕಾದದ್ದು. ಸಾವೊ ಪಾಲೊ ಇರುವುದು ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿ. ಸಾಂತೋಸ್ ಬಂದರು ಕೆಳಗಿದೆ. ನಡುವೆ ಸೆರ್ರಾ ದೊ ಮಾರ್ ಎಂಬ ಬೆಟ್ಟಸಾಲು, ಥೇಟ್ ನಮ್ಮ ಪಶ್ಚಿಮಘಟ್ಟ. ಕಡಲ ಗಾಳಿ ಮೇಲೇರಿ ತಣಿದು ಮಂಜಾಗುವುದು, ಕಾಡು ತೊಟ್ಟಿಕ್ಕುವುದು ಎಲ್ಲ ಒಂದೇ ಬಗೆ. ಅಲ್ಲಿ ಇಳಿಯಲು ಎರಡು ಹೆದ್ದಾರಿಗಳಿವೆ, ಹಳೆಯದು ಆಂಶಿಯೆಟಾ, ಹೊಸದು ಇಮಿಗ್ರಾಂತೆಸ್. ಮಂಜು ಕವಿದು ನೂರು ಮೀಟರಿಗಿಂತ ಮುಂದೆ ಕಾಣದಂತಾದರೆ ಟೋಲ್ ಬಳಿಯೇ ಎಲ್ಲ ವಾಹನಗಳನ್ನು ನಿಲ್ಲಿಸುತ್ತಾರೆ. ಆಮೇಲೆ ಗುಂಪು ಗುಂಪಾಗಿ ಬಿಡುತ್ತಾರೆ. ಮುಂದೆ ಹೆದ್ದಾರಿ ಪೊಲೀಸರ ಗಾಡಿ ನಿಧಾನವಾಗಿ ಸಾಗುತ್ತದೆ, ಅದನ್ನು ಯಾರೂ ಹಿಂದೆ ಹಾಕುವಂತಿಲ್ಲ. ಇದಕ್ಕೆ 'ಕೊಂಬೊಯು' ಎನ್ನುತ್ತಾರೆ, ಸಾಲುಪಯಣ. ಮೊದಲ ಸಲ ನಾನು ಆ ಸಾಲಿನಲ್ಲಿ ಮುಕ್ಕಾಲು ಗಂಟೆ ಕಾದೆ. ಕ್ಯಾಮೆರಾ ದಾಟಿದ ಕೂಡಲೇ ಓಟ ಕೀಳುವ ಅದೇ ಜನ ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಪಕ್ಕದ ಕಾರಿನವರೊಡನೆ ಮಾತಾಡುತ್ತ ಕೂತಿದ್ದರು. ಅವತ್ತು ನನಗೆ ಹುಲಿಕಲ್ ಘಾಟಿಯ ಮೇಲಿನ ಮಾಸ್ತಿಕಟ್ಟೆ ನೆನಪಾಯಿತು. ಅಲ್ಲಿಂದ ಕೆಳಗೆ ಮಂಜಿನಲ್ಲಿ ನಾವು ಒಬ್ಬೊಬ್ಬರೇ, ಅವರವರ ಧೈರ್ಯಕ್ಕೆ ತಕ್ಕಂತೆ ಇಳಿಯುತ್ತೇವೆ.

ಹಾಗಾಗಿ ನನ್ನ ಉತ್ತರ: ಓಡಿಸಲಿ, ಆದರೆ ಮೊದಲ ಮೂರು ತಿಂಗಳು ಬೇಡ. ಬಸ್ಸಿನಲ್ಲಿ, ಸಹೋದ್ಯೋಗಿಯ ಪಕ್ಕದ ಸೀಟಿನಲ್ಲಿ ಕೂತು ನೋಡಲಿ.

ಕುರಿಟಿಬಾದಲ್ಲಿರುವ ಸಾಗರದವಳು ಬರೆದದ್ದು:

ಹೊಸನಗರದ ಅಣ್ಣ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಬಹುಶಃ ಗಂಡಸರಿಗೆ ಅದು ಅಷ್ಟು ತಟ್ಟುವುದಿಲ್ಲ. ರಾತ್ರಿಯ ಸಿಗ್ನಲ್.

ಇಲ್ಲಿನ ದೊಡ್ಡ ನಗರಗಳಲ್ಲಿ ರಾತ್ರಿ ಹತ್ತರ ಮೇಲೆ ಕೆಂಪು ದೀಪದಲ್ಲಿ ಒಂಟಿಯಾಗಿ ನಿಲ್ಲಲು ಜನ ಹೆದರುತ್ತಾರೆ, ದರೋಡೆಯ ಭಯ. ದೂರದಿಂದಲೇ ವೇಗ ತಗ್ಗಿಸಿ, ಹಸಿರು ಬರುವ ಹೊತ್ತಿಗೆ ತಲುಪುವಂತೆ ನೋಡಿಕೊಳ್ಳುತ್ತಾರೆ. ಆಗದಿದ್ದರೆ ಎರಡೂ ಬದಿ ನೋಡಿ ದಾಟಿಬಿಡುತ್ತಾರೆ. ಆದ್ದರಿಂದ ನಿಮಗೆ ಹಸಿರು ಬಂದಿದೆ ಎಂದು ನುಗ್ಗುವಂತಿಲ್ಲ, ಅಡ್ಡರಸ್ತೆಯಿಂದ ಕೆಂಪು ದಾಟಿ ಬರುವವನಿರುತ್ತಾನೆ. ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸುವುದೂ ಇದೇ ಭಯಕ್ಕೆ. ಪರಿಣಾಮವೆಂದರೆ ಎದುರಿನ ಚಾಲಕನ ಮುಖ, ಕೈ ಯಾವುದೂ ಕಾಣುವುದಿಲ್ಲ. ಸಾಗರದ ಪೇಟೆಯಲ್ಲಿ ನಾವು ಕಣ್ಣಲ್ಲೇ 'ನೀವು ಹೋಗಿ' ಎನ್ನುತ್ತೇವಲ್ಲ, ಅದಕ್ಕೆ ಇಲ್ಲಿ ಅವಕಾಶವಿಲ್ಲ.

ಟೀಚರ್, ನಿಮ್ಮ ನಾದಿನಿಗೆ ಇದನ್ನು ಹೇಳಿ: ರಸ್ತೆ ದಾಟುವಾಗ ಬ್ರೆಜಿಲ್ ಎಲ್ಲ ಕಡೆಯೂ ಒಂದೇ ಅಲ್ಲ. ರಾಜಧಾನಿ ಬ್ರೆಸಿಲಿಯಾದಲ್ಲಿ 1997ರಿಂದ ಒಂದು ಪದ್ಧತಿ ನೆಲೆಯೂರಿದೆ. ಸಿಗ್ನಲ್ ಇಲ್ಲದ ಪಟ್ಟೆಯ ಬಳಿ ನಿಂತು ಕೈ ಚಾಚಿದರೆ ವಾಹನಗಳು ನಿಲ್ಲುತ್ತವೆ. ನಾನು ಅಲ್ಲಿಗೆ ಹೋದಾಗ ಪುಟ್ಟ ಹುಡುಗಿಯೊಬ್ಬಳು ಶಾಲೆಯ ಚೀಲ ಹೊತ್ತು ಕೈ ಚಾಚಿದಳು. ಮೂರು ಸಾಲಿನ ಕಾರುಗಳು ನಿಂತವು. ಅವಳು ಓಡದೆ ನಡೆದುಕೊಂಡು ದಾಟಿದಳು. ನನಗೆ ಕಣ್ಣು ತುಂಬಿ ಬಂತು. ಬೇರೆ ಊರುಗಳಲ್ಲಿ ಇದನ್ನೇ ನಂಬಿ ಕಾಲಿಟ್ಟರೆ ಅಪಾಯ. ನಮ್ಮ ಕುರಿಟಿಬಾದಲ್ಲಿ 1974ರಿಂದ ಬಸ್ಸಿಗೇ ಮೀಸಲಾದ ಪಥವಿದೆ. ಅದರಲ್ಲಿ ಮೂರು ಡಬ್ಬಿ ಜೋಡಿಸಿದ ಉದ್ದನೆಯ ಕೆಂಪು ಬಸ್ಸುಗಳು ಬರುತ್ತವೆ. ಖಾಲಿ ಕಾಣುವ ಆ ಪಥದಲ್ಲಿ ಜನ ಅಡ್ಡ ದಾಟಲು ಹೋಗಿ ಸಿಕ್ಕಿಕೊಳ್ಳುತ್ತಾರೆ. ಬಸ್ಸು ಸದ್ದಿಲ್ಲದೆ ಬಂದುಬಿಟ್ಟಿರುತ್ತದೆ.

ಗುಡ್ಡದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಇಲ್ಲಿಂದ ಕಡಲಿಗೆ ಇಳಿಯಲು ಗ್ರಾಸಿಯೋಜಾ ಎಂಬ ಹಳೆಯ ಕಲ್ಲುಹಾಸಿನ ದಾರಿ ಇದೆ, ಹತ್ತೊಂಬತ್ತನೇ ಶತಮಾನದ್ದು. ತಿರುವುಗಳು, ಪಾಚಿ, ಜರೀಗಿಡ, ರಸ್ತೆಯ ಬದಿಗೆ ನೀಲಿ ಹೂವಿನ ಪೊದೆ. ಮೊದಲ ಸಲ ಇಳಿದಾಗ ಆಗುಂಬೆಗೇ ಬಂದೆ ಎನ್ನಿಸಿತು. ಒದ್ದೆಯಾದರೆ ಆ ಕಲ್ಲು ಸೋಪಿನ ಹಾಗೆ ಜಾರುತ್ತದೆ. ನಿಮ್ಮ ತಮ್ಮನ ಘಾಟಿ ವಿದ್ಯೆ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ. ಇಲ್ಲಿನ ಬಹಳ ಜನ ಇಳಿಜಾರಿನಲ್ಲಿ ಗೇರ್ ತಗ್ಗಿಸದೆ ಬ್ರೇಕ್ ಮೇಲೆಯೇ ಕಾಲಿಟ್ಟು ಇಳಿಯುತ್ತಾರೆ. ಆದರೆ ಗುಡ್ಡ ಕುಸಿದರೆ ಯಾವ ವಿದ್ಯೆಯೂ ಕಾಯುವುದಿಲ್ಲ. 2022ರ ನವೆಂಬರಿನಲ್ಲಿ ಕುರಿಟಿಬಾ ಇರುವ ಪರಾನಾ ರಾಜ್ಯದ ಬಿಆರ್-376 ಹೆದ್ದಾರಿಯಲ್ಲಿ ಮಳೆಗೆ ಮಣ್ಣು ಜಾರಿ, ಸಾಲಾಗಿ ನಿಂತಿದ್ದ ಲಾರಿ, ಕಾರುಗಳನ್ನು ಎಳೆದುಕೊಂಡು ಹೋಯಿತು. ಜೋರು ಮಳೆಯ ದಿನ ಬೆಟ್ಟದ ದಾರಿಗೆ ಹೋಗುವುದೇ ಬೇಡ. ನಮ್ಮೂರಲ್ಲೂ ಅದೇ ಮಾತು.

ಘಾಟಿ ಬಸ್ಸು ಬರೆದದ್ದು:

ನಾನು ವಿದೇಶ ಕಂಡವನಲ್ಲ. ಇಪ್ಪತ್ತೆರಡು ವರ್ಷದಿಂದ ಕುಂದಾಪುರದ ಕಡೆಗೆ ಬಸ್ಸು ಓಡಿಸುತ್ತಿದ್ದೇನೆ. ಮಗಳು ಇದನ್ನು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಮಂಜಿನಲ್ಲಿ ಪೊಲೀಸರೇ ಮುಂದೆ ನಿಂತು ಕರೆದುಕೊಂಡು ಹೋಗುತ್ತಾರೆ ಎಂಬುದನ್ನು ಎರಡು ಸಲ ಓದಿಸಿಕೊಂಡೆ. ನಮ್ಮ ಬಾಳೆಬರೆ ಘಾಟಿಯಲ್ಲಿ, ಅಂದರೆ ಹುಲಿಕಲ್ ಘಾಟಿಯಲ್ಲಿ, ಚಂಡಿಕಾಂಬೆಯ ಗುಡಿಯ ಮುಂದೆ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಚಾಲಕರು ಕೈಮುಗಿದು, ಕಾಣಿಕೆ ಹಾಕಿ ಮುಂದೆ ಹೋಗುತ್ತಾರೆ. ನಾನು ಒಂದು ದಿನವೂ ತಪ್ಪಿಸಿಲ್ಲ. ಜುಲೈ ತಿಂಗಳಲ್ಲಿ ಅಲ್ಲಿ ಮಂಜು ಎಷ್ಟಿರುತ್ತದೆ ಎಂದರೆ ಬಸ್ಸಿನ ಮುಂದಿನ ಗಾಜಿನಿಂದ ರಸ್ತೆಯ ಬಿಳಿ ಗೆರೆ ಕಾಣಿಸುವುದಿಲ್ಲ. ಕ್ಲೀನರ್ ಬಾಗಿಲಲ್ಲಿ ನಿಂತು ಚರಂಡಿಯ ಅಂಚು ನೋಡಿ ಹೇಳುತ್ತಾನೆ, ನಾನು ಓಡಿಸುತ್ತೇನೆ. ಹೇಗಿದ್ದರೂ ಎಲ್ಲರೂ ಅಮ್ಮನ ಮುಂದೆ ನಿಲ್ಲುತ್ತಾರಲ್ಲ, ಅಲ್ಲಿಂದಲೇ ಹತ್ತು ಹತ್ತು ಗಾಡಿಗಳನ್ನು ಸೇರಿಸಿ, ಮುಂದೆ ಒಂದು ಜೀಪು ಬಿಟ್ಟು ಕಳಿಸಿದರೆ ಏನು ಕಷ್ಟ? ಹಣ ಬೇಕಿಲ್ಲ, ಒಬ್ಬ ಅಧಿಕಾರಿಗೆ ಮನಸ್ಸು ಬಂದರೆ ಸಾಕು. ಹೊಸನಗರದವರು ಅಲ್ಲಿ ಅದನ್ನು ಕಣ್ಣಾರೆ ಕಂಡವರು. ಅವರು ಇದನ್ನು ಒಂದು ಮನವಿಯಾಗಿ ಬರೆದರೆ ನಮ್ಮ ದಾರಿಯ ಚಾಲಕರೆಲ್ಲರ ಸಹಿ ನಾನು ಹಾಕಿಸಿಕೊಡುತ್ತೇನೆ.

ಇನ್ನೊಂದು. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮವರು ಸಿಪ್ಪೆಯನ್ನು ತಂದು ರಸ್ತೆಯ ಬದಿಗೆ ಸುರಿದು ಬೆಂಕಿ ಹಾಕುತ್ತಾರೆ. ಅದು ಒಳಗೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. ಮುಂಜಾನೆಯ ಇಬ್ಬನಿಯೂ ಆ ಹೊಗೆಯೂ ಸೇರಿದರೆ ತಿರುವಿನಲ್ಲಿ ಎದುರಿನ ಬೈಕು ಮೂತಿಗೆ ಬಂದಾಗಲೇ ಕಾಣುವುದು. ಎರಡು ವರ್ಷದ ಹಿಂದೆ ನನ್ನ ಬಸ್ಸಿಗೆ ಹಾಗೇ ಒಬ್ಬ ಹುಡುಗ ಬಂದು ತಾಗಿದ. ದೇವರ ದಯೆ, ಹೆಲ್ಮೆಟ್ ಹಾಕಿದ್ದ, ಬದುಕಿದ. ಅವನು ಕೆಳಗೆ ಬಿದ್ದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಆ ಸಿಪ್ಪೆ ಗೊಬ್ಬರವಾಗುತ್ತದೆ, ತೋಟದ ಬುಡಕ್ಕೇ ಹಾಕಬಹುದು. ರಸ್ತೆಗೆ ಏಕೆ ತರಬೇಕು?

ಟೀಚರೇ, ನಿಮ್ಮ ಚಿಕ್ಕಪ್ಪನ ಮಗನ ವಿಚಾರ ಓದಿ ಹೊಟ್ಟೆ ಕಲಕಿತು. ಕೆಟ್ಟು ನಿಂತ ಲಾರಿಯ ಹಿಂದೆ ಎರಡು ಸೊಪ್ಪಿನ ಕೊಂಬೆ ಮುರಿದಿಟ್ಟು ಕರ್ತವ್ಯ ಮುಗಿಯಿತು ಎಂದುಕೊಳ್ಳುವವರು ನಮ್ಮ ವೃತ್ತಿಯಲ್ಲೇ ಇದ್ದಾರೆ. ರಾತ್ರಿ ಸೊಪ್ಪು ಯಾರಿಗೆ ಕಾಣುತ್ತದೆ? ನನ್ನ ಸೀಟಿನ ಕೆಳಗೆ ಕೆಂಪು ತ್ರಿಕೋನ ಯಾವಾಗಲೂ ಇರುತ್ತದೆ. ನಿಮ್ಮ ತಮ್ಮನೂ ಒಂದನ್ನು ಇಟ್ಟುಕೊಳ್ಳಲಿ.

ಹೊಸನಗರದ ಎಂಜಿನಿಯರ್ ಬರೆದದ್ದು:

ಘಾಟಿ ಬಸ್ಸಿನವರೇ, ಮನವಿಯನ್ನು ನಾನು ಈ ಶನಿವಾರವೇ ಬರೆಯುತ್ತೇನೆ. ಅಲ್ಲಿ ಟೋಲ್ ಇದೆ, ಅಗಲ ರಸ್ತೆ ಇದೆ. ನಮ್ಮದು ಒಂಟಿ ರಸ್ತೆ, ಆದ್ದರಿಂದ ಮೇಲಿನಿಂದಲೂ ಕೆಳಗಿನಿಂದಲೂ ಸರದಿಯಲ್ಲಿ ಬಿಡಬೇಕಾಗುತ್ತದೆ. ನೀವು ಹೇಳಿದ ಜಾಗದಲ್ಲಿ ಎಷ್ಟು ಗಾಡಿ ನಿಲ್ಲಬಹುದು, ಕೆಳಗೆ ಹೊಸಂಗಡಿ ಬಳಿ ಎಲ್ಲಿ ನಿಲ್ಲಿಸಬಹುದು ಎಂಬುದನ್ನು ನಿಮ್ಮಿಂದಲೇ ತಿಳಿಯಬೇಕು. ಮಳೆ ಬಿಡುವು ಕೊಟ್ಟ ದಿನ ನಿಮ್ಮ ಬಸ್ಸಿನಲ್ಲೇ ಬರುತ್ತೇನೆ.

ಟೀಚರೇ, ಪರವಾನಗಿಯ ವಿಚಾರ ಬಿಟ್ಟುಹೋಗಿತ್ತು. ಬ್ರೆಜಿಲ್ ಜೊತೆ ಒಪ್ಪಂದವಿರುವ ದೇಶದವರು ತಮ್ಮ ಪರವಾನಗಿ ಮತ್ತು ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಅಲ್ಲಿ 180 ದಿನದವರೆಗೆ ಓಡಿಸಬಹುದು, ನಮ್ಮ ಪರವಾನಗಿಗೆ ಅದು ಅನ್ವಯಿಸುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿ ನೋಡಲಿ. ಅಧಿಕೃತ ಅನುವಾದಕರಿಂದ ಪೋರ್ಚುಗೀಸ್ ಅನುವಾದವನ್ನೂ ಮಾಡಿಸಿಟ್ಟುಕೊಳ್ಳಲಿ. ಆಮೇಲೆ ಅಲ್ಲಿಯದೇ ಪರವಾನಗಿ ಬೇಕು. ಅದನ್ನು ಕೊಡುವ ರಾಜ್ಯ ಕಚೇರಿಗೆ ದೆತ್ರಾನ್ ಎನ್ನುತ್ತಾರೆ. ವೈದ್ಯಕೀಯ ತಪಾಸಣೆಯ ಜೊತೆಗೆ ಮನಸ್ಸಿನ ಪರೀಕ್ಷೆಯೂ ಇರುತ್ತದೆ. ಕಾಗದದ ಮೇಲೆ ಗೆರೆ ಎಳೆಸುತ್ತಾರೆ, ಗಮನ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ. ಸ್ಟೇರಿಂಗ್ ಹಿಡಿಯುವವನ ಮನಸ್ಸನ್ನೂ ನೋಡಬೇಕು ಎಂದು ಒಂದು ದೇಶ ಯೋಚಿಸಿದ್ದು ನನಗೆ ಗೌರವ ಹುಟ್ಟಿಸಿತು.

ಕ್ಯಾಂಪಿನಾಸ್‌ನಿಂದ ಒಳನಾಡಿಗೆ ಹೋದರೆ ಕಬ್ಬಿನ ಸೀಮೆ. ಎರಡು ಮೂರು ಟ್ರೇಲರ್ ಜೋಡಿಸಿದ, ಮೂವತ್ತು ಮೀಟರಿನವರೆಗೂ ಉದ್ದವಿರುವ ಲಾರಿಗಳು ಓಡಾಡುತ್ತವೆ. ಅವುಗಳ ಹಿಂದೆ ಇರುವಾಗ ಚಾಲಕ ಬಲಗಡೆಯ ಇಂಡಿಕೇಟರ್ ಹಾಕಿದರೆ ಹಿಂದೆ ಹಾಕಬಹುದು, ಎಡಗಡೆಯದಾದರೆ ಎದುರು ಗಾಡಿ ಇದೆ ಎಂಬುದು ಅಲ್ಲಿನ ರೂಢಿ. ನಮ್ಮ ಲಾರಿಯವರು ಕೈ ಬೀಸಿ ಕರೆದ ಹಾಗೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೂ ಎದುರಿನ ರಸ್ತೆ ತನ್ನ ಕಣ್ಣಿಗೆ ಕಾಣುವವರೆಗೆ ನಿಮ್ಮ ತಮ್ಮ ಹೊರಬರಬಾರದು. ಬೇರೆಯವರ ದೀಪದ ಮೇಲೆ ಮಗಳ ಜೀವ ಇಡಬೇಡ ಎಂದು ನನ್ನ ಹೆಸರಿನಲ್ಲಿ ಹೇಳಿ.

ತೀರ್ಥಹಳ್ಳಿ ಟೀಚರ್ ಬರೆದದ್ದು:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ. ಶುಕ್ರವಾರ ರಾತ್ರಿ ಊಟವಾದ ಮೇಲೆ ತಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿದೆ. ಮೋಟೋಬಾಯ್ ಹುಡುಗ ಬಿದ್ದ ಜಾಗ ಬಂದಾಗ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮತ್ತೊಮ್ಮೆ ಓದಿದ. 'ನಾನೂ ಎಡಕ್ಕೇ ತಿರುಗಿಸುತ್ತಿದ್ದೆ' ಎಂದಷ್ಟೇ ಹೇಳಿದ. ಆಮೇಲೆ ಚಿಕ್ಕಪ್ಪನ ಮಗನ ಮಾತು ತೆಗೆದ. ಆರು ವರ್ಷದಲ್ಲಿ ಅವನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಬೆಳಗಿನ ಜಾವದವರೆಗೂ ಮಾತಾಡಿದೆವು.

ಮೊದಲ ಮೂರು ತಿಂಗಳು ಕಾರು ತೆಗೆದುಕೊಳ್ಳುವುದಿಲ್ಲ ಎಂದು ಒಪ್ಪಿದ್ದಾನೆ. ಸಾಗರದ ತಂಗಿ ಹೇಳಿದ ಸಿಗ್ನಲ್ ವಿಚಾರವನ್ನು ನಾದಿನಿ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದಾಳೆ. ಮನವಿಗೆ ನಮ್ಮ ಶಾಲೆಯ ಶಿಕ್ಷಕರ ಸಹಿಯನ್ನೂ ಸೇರಿಸಿಕೊಳ್ಳಿ, ಆಗುಂಬೆಯ ಹೆಸರನ್ನೂ ಸೇರಿಸಿ.

ನಿನ್ನೆ ಶಿವಮೊಗ್ಗಕ್ಕೆ ಹೋಗಿ ಮಗುವಿಗೆ ಆಸನ ತಂದೆವು. ಹೋಗುವಾಗ ಅವಳನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಬೆಲ್ಟ್ ಹಾಕಿ ಕೂರಿಸಿದ. ಅಮ್ಮನ ತೊಡೆ ಬೇಕೆಂದು ಮಂಡಗದ್ದೆ ದಾಟುವವರೆಗೂ ಅತ್ತಳು. ಅವನು ಒಂದು ಸಲವೂ ಗಾಡಿ ನಿಲ್ಲಿಸಲಿಲ್ಲ. ಸಕ್ರೆಬೈಲಿನಲ್ಲಿ ಆನೆಗಳು ಹೊಳೆಗೆ ಇಳಿಯುತ್ತಿದ್ದವು. ಹಿಂದಿನ ಕಿಟಕಿಯಿಂದ ಅವು ಚೆನ್ನಾಗಿ ಕಾಣುತ್ತವೆ ಎಂದು ತೋರಿಸಿದೆ. ಅಲ್ಲಿಂದ ಮುಂದೆ ಸುಮ್ಮನಾದಳು.